ನಮ್ಮ ಮನೆಯ ಜರ್ಮನಿ ಸೊಸೆ

ಜರ್ಮನಿಯಲ್ಲಿ ಹುಟ್ಟಿ ಬೆಳೆದ ನಮ್ಮ ಗಿರಿಜಕ್ಕ, ಮಂಡ್ಯದ ವೈದಿಕರ ಮನೆಯಲ್ಲಿ ನಿಂತು ಪಕ್ಕದ ಹಳ್ಳಿ ಹೊಳಲಿನ ಒಕ್ಕಲು ಹೆಂಗಸರ ಕನ್ನಡ ಮಾತಾಡುತ್ತಿದ್ದಳು. ಕೆಂಪಗೆ, ಉದ್ದಕ್ಕೆ, ಬಾಗಿಲು ದಾಟುವಾಗ ತಲೆ ತಗ್ಗಿಸಬೇಕಾದ ಆಳು. ಬಾಯಿ ಬಿಟ್ಟರೆ ‘ಬತ್ತೀನಿ ಕಣವ್ವ’, ‘ಅಂಗಲ್ಲ ಬುಡು’. ಬೀದಿಯ ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಮೊದಮೊದಲು ನನಗೂ ನಗು ಬರುತ್ತಿತ್ತು. ಕಾರಣ ತಿಳಿದ ಮೇಲೆ ಬರಲಿಲ್ಲ.

ಕಾರಣ ಇಷ್ಟೇ: ಮನೆಯಲ್ಲಿ ಅವಳ ಜೊತೆ ಮಾತಾಡುವವರೇ ಇರಲಿಲ್ಲ. ನನ್ನ ಗಂಡನ ಅಣ್ಣ, ಎಂದರೆ ನನ್ನ ಭಾವ, ಸಕ್ಕರೆ ತಯಾರಿಸುವ ವಿದ್ಯೆ ಕಲಿಯಲು ಜರ್ಮನಿಗೆ ಹೋದವರು ಅವಳನ್ನು ಮದುವೆಯಾಗಿ ಕರೆತಂದಿದ್ದರು. ಆಗ ಊರಿಗೆ ಸಕ್ಕರೆ ಕಾರ್ಖಾನೆ ಹೊಸದು. ಭಾವ ಬೆಳಗ್ಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದರು. ಅತ್ತೆ ಅವಳಿಗೆ ಗಿರಿಜಾ ಎಂದು ಹೆಸರಿಟ್ಟರು, ಆದರೆ ಆ ಹೆಸರು ಹಿಡಿದು ಕರೆಯಲಿಲ್ಲ. ಮುಂದಿನ ಕೋಣೆ ಮತ್ತು ಹಿತ್ತಿಲು, ಅವಳ ಓಡಾಟ ಅಷ್ಟಕ್ಕೇ. ಹೊಳಲಿನಿಂದ ಹಾಲು ತರುತ್ತಿದ್ದ ನಿಂಗಮ್ಮ ಮಾತ್ರ ಹಿತ್ತಿಲ ಕಟ್ಟೆಯ ಮೇಲೆ ಕೂತು, ಕೇಳುವವಳಿಗೆ ಅರ್ಥವಾಗಲಿ ಬಿಡಲಿ, ತನ್ನ ಹಸು, ತನ್ನ ಗಂಡ, ನಾಲೆಯ ನೀರು ಎಲ್ಲವನ್ನೂ ಹೇಳಿಕೊಳ್ಳುತ್ತಿದ್ದಳು. ಗಿರಿಜಕ್ಕ ಅವಳ ಬಾಯನ್ನೇ ನೋಡುತ್ತ ನೋಡುತ್ತ ಕನ್ನಡ ಕಲಿತಳು.

ನಾನು ಮಳವಳ್ಳಿಯಿಂದ ಕಿರಿಯ ಸೊಸೆಯಾಗಿ ಬಂದಾಗ ಅವಳು ಹಠ ಹಿಡಿದು ನನ್ನಿಂದ ಮನೆಯ ರೀತಿ ನೀತಿ ಕಲಿಯತೊಡಗಿದಳು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಕೂತು ಕಾಲು ಊದಿಸಿಕೊಂಡಳು. ಸೀರೆಯ ನೆರಿಗೆ ಜಾರಿದರೆ ಬಾಯಲ್ಲಿ ಏನೋ ಬೈದುಕೊಂಡು ಮತ್ತೆ ಉಡುವಳು. ಅವಳ ತಲೆಗೆ ಹತ್ತದೆ ಹೋದದ್ದು ಎಂಜಲು ಒಂದೇ. ಅವಳ ಊರಲ್ಲಿ ತಾಯಿ ಮಗಳು ಒಂದೇ ಲೋಟದಲ್ಲಿ ಕುಡಿಯುತ್ತಾರಂತೆ.

“ಅವ್ವನ ಬಾಯಿ ಎಂಗೆ ಕೊಳಕಾದದು, ಸೀತಾ?” ಎಂದು ಕೇಳುವಳು.

ನಾಲಿಗೆಗೆ ತಾಕಿದ್ದು ಎಂಜಲು, ಎಂಜಲು ದೇವರಿಗೂ ಸಲ್ಲದು, ಸತ್ತ ಹಿರಿಯರಿಗೂ ಸಲ್ಲದು ಎಂದು ಬಾಯಿಪಾಠ ಮಾಡಿಸಿದೆ. ಅಡಿಗೆ ಮಾಡುವವಳು ರುಚಿ ನೋಡುವುದಿಲ್ಲ ಎಂದಾಗ ಅವಳಿಗೆ ನಂಬಿಕೆಯೇ ಬರಲಿಲ್ಲ.

ಆ ವರ್ಷ ಮಾವನವರ ತಿಥಿ ಹತ್ತಿರ ಬಂತು. ಹಿಂದಿನ ವರ್ಷ, ಮ್ಲೇಚ್ಛ ಸೊಸೆ ಇರುವ ಮನೆ ಎಂದು ಮಂಡ್ಯದ ಪುರೋಹಿತರು ಯಾರೂ ಬಂದಿರಲಿಲ್ಲ. ತಿಥಿ ನಿಂತುಹೋಗಿತ್ತು. ಅತ್ತೆ ಅದನ್ನು ನುಂಗಿಕೊಂಡಿರಲಿಲ್ಲ. ಭಾವನ ಮುಂದೆ ಕೂತು, “ನೋಡಪ್ಪ, ನಿಮ್ಮಪ್ಪ ಎರಡು ವರ್ಷ ಉಪವಾಸ ಇರೋದನ್ನ ನಾನು ನೋಡಲಾರೆ. ಈ ಸಲವೂ ನಿಂತರೆ ನೀವಿಬ್ಬರೂ ಬೇರೆ ಮನೆ ಮಾಡಿಕೊಳ್ಳಿ” ಎಂದುಬಿಟ್ಟರು. ಭಾವ ಸಮುದ್ರ ದಾಟಿದ್ದಕ್ಕೆ ಪ್ರಾಯಶ್ಚಿತ್ತ ಮಾಡಿಸಿಕೊಂಡು, ಅಲ್ಲಿ ಇಲ್ಲಿ ಅಲೆದು, ಕೊನೆಗೆ ಮದ್ದೂರಿನ ಪುರೋಹಿತರೊಬ್ಬರನ್ನು ಒಪ್ಪಿಸಿ ಬಂದರು. ಅವರದು ಒಂದೇ ಷರತ್ತು: ಆಕೆ ಅಡಿಗೆಮನೆಗೆ ಕಾಲಿಡಕೂಡದು, ಇಟ್ಟದ್ದು ಕಂಡರೆ ಎಲೆಯ ಮುಂದಿನಿಂದ ಎದ್ದು ಹೋಗುತ್ತೇನೆ.

ತಿಥಿಯ ದಿನ ಬೆಳಗ್ಗೆಯೇ ನಾನು ಹೊರಗಾದೆ. ಮೂರು ದಿನ ಯಾರನ್ನೂ ಮುಟ್ಟದೆ, ಹಿತ್ತಿಲ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಕೂರಬೇಕು. ಅಡಿಗೆಯೆಲ್ಲ ಅತ್ತೆಯೊಬ್ಬರ ತಲೆಯ ಮೇಲೆ ಬಿತ್ತು. ನಮ್ಮ ಮನೆಗೆ ಬಂದು ಒಂದು ಕೈ ಸಹಾಯ ಮಾಡುವ ನೆಂಟರು ಆಗ ಯಾರಿದ್ದರು? ಕೋಣೆಯ ಬಾಗಿಲಿನಿಂದ ಅಡಿಗೆಮನೆಯ ಕಿಟಕಿ ನೇರಕ್ಕಿತ್ತು. ಅತ್ತೆ ಒದ್ದೆ ಸೀರೆಯಲ್ಲಿ ಒಲೆಯಿಂದ ಒಲೆಗೆ ಓಡಾಡುವುದನ್ನು ನೋಡುತ್ತ ಕೂತೆ.

ನಡುಮನೆಯಲ್ಲಿ ಮಂತ್ರ ಶುರುವಾಗಿ ಸ್ವಲ್ಪ ಹೊತ್ತಾಗಿತ್ತು. ಅತ್ತೆ ಅನ್ನ ಬಸಿಯಲು ತಪ್ಪಲೆ ಎತ್ತಿದರು. ಕೈ ಜಾರಿ ಕುದಿಯುವ ಗಂಜಿ ಬಲಗೈ ಮೇಲೆ ಸುರಿಯಿತು. ಅವರು ಕೂಗಲಿಲ್ಲ. ಕೂಗಿದರೆ ಮಂತ್ರ ನಿಲ್ಲುತ್ತದೆ, ಪುರೋಹಿತರು ಏಳುತ್ತಾರೆ. ಕೈ ಹಿಡಿದುಕೊಂಡು ಕಿಟಕಿಯ ಆಚೆ ನನ್ನನ್ನು ನೋಡಿದರು. ನಾನು ಎದ್ದು ನಿಂತೆ, ಆದರೆ ಹೆಜ್ಜೆ ಇಡುವಂತಿರಲಿಲ್ಲ. ಸಾರು ಇನ್ನೂ ಆಗಬೇಕಿತ್ತು, ಪಲ್ಯ ಆಗಬೇಕಿತ್ತು, ವಡೆಗೆ ಎಣ್ಣೆಯನ್ನೇ ಇಟ್ಟಿರಲಿಲ್ಲ.

ಗಿರಿಜಕ್ಕ ಬಾವಿಕಟ್ಟೆಯ ಹತ್ತಿರ ನಿಂತಿದ್ದಳು.

“ಗಿರಿಜಾ,” ಎಂದರು ಅತ್ತೆ, ಮೆಲ್ಲಗೆ. ಅವರ ಬಾಯಲ್ಲಿ ಆ ಹೆಸರನ್ನು ನಾನು ಕೇಳಿದ್ದು ಅವತ್ತೇ ಮೊದಲು. “ತಲೆ ಮೇಲೆ ನೀರು ಹೊಯ್ದುಕೊಂಡು ಒಳಗೆ ಬಾ. ಮಾತಾಡಬೇಡ.”

ಅವಳು ಎರಡು ಕೊಡ ನೀರು ಸುರಿದುಕೊಂಡು, ತೊಟ್ಟಿಕ್ಕುವ ಸೀರೆಯಲ್ಲಿ, ತಲೆ ತಗ್ಗಿಸಿ ಒಳಗೆ ಹೋದಳು. ಅತ್ತೆ ಕಣ್ಣಲ್ಲೇ ತೋರಿಸುವರು, ಅವಳು ಮಾಡುವಳು. ಪಲ್ಯ ಆಯಿತು. ವಡೆ ಒಂದೊಂದೇ ಎಣ್ಣೆಗೆ ಬಿದ್ದವು. ನಡುಮನೆಯಿಂದ ಪುರೋಹಿತರು, “ಅಡಿಗೆ ಎಲ್ಲಿಗೆ ಬಂತಮ್ಮಾ?” ಎಂದಾಗಲೆಲ್ಲ ಗಿರಿಜಕ್ಕ ಗೋಡೆಗೆ ಅಂಟಿಕೊಂಡು ನಿಲ್ಲುವಳು, ಅತ್ತೆ, “ಆಯಿತು, ಇನ್ನೇನು ಆಯಿತು” ಎನ್ನುವರು. ಇನ್ನು ಮೆಣಸಿನ ಸಾರು ಇಳಿಸುವುದೊಂದೇ ಉಳಿದಿತ್ತು.

ಗಿರಿಜಕ್ಕ ಸೌಟಿನಿಂದ ಒಂದು ತೊಟ್ಟು ಅಂಗೈಗೆ ಹಾಕಿಕೊಂಡು ನೆಕ್ಕಿದಳು. ಅವಳ ತಾಯಿ ಮಾಡುತ್ತಿದ್ದಂತೆ, ಯೋಚಿಸದೆ. ಅದೇ ಕೈಯಿಂದ ಮತ್ತೆ ಸೌಟು ಹಿಡಿದಳು.

ಅತ್ತೆ ನೋಡಿದರು. ನಾನೂ ನೋಡಿದೆ. ನಮ್ಮ ಮುಖ ನೋಡಿ ಅವಳಿಗೆ ತಾನು ಮಾಡಿದ್ದು ತಿಳಿಯಿತು. ಬಿಳಿಚಿಕೊಂಡಳು.

“ಅತ್ತೆ, ನಾ ಓಗಿ ಅವ್ರಿಗೆ ಏಳ್ಬುಡ್ತೀನಿ. ತಪ್ಪು ಮಾಡ್ಬುಟ್ಟೆ,” ಎಂದು ನಡುಮನೆಯ ಬಾಗಿಲ ಕಡೆ ಹೆಜ್ಜೆ ಇಟ್ಟಳು. ಸುಳ್ಳು ಅವಳಿಗೆ ಬರುತ್ತಲೇ ಇರಲಿಲ್ಲ.

ಅತ್ತೆ ಸುಟ್ಟ ಕೈಯಿಂದಲೇ ಅವಳ ರಟ್ಟೆ ಹಿಡಿದರು. ನಾನು ಕಂಡ ಅತ್ತೆ, ಮಡಿಯಲ್ಲಿದ್ದಾಗ ಹೆತ್ತ ಮಗ ಹತ್ತಿರ ಬಂದರೂ ಗದರುವ ಅತ್ತೆ. ಈಗ ಸಾರನ್ನು ಚೆಲ್ಲಿಸುತ್ತಾರೆ, ಇವಳನ್ನೂ ಹೊರಗೆ ಹಾಕುತ್ತಾರೆ ಎಂದುಕೊಂಡೆ.

“ಉಪ್ಪು ಸಾಕಾ?” ಎಂದು ಕೇಳಿದರು ಅತ್ತೆ.

ಗಿರಿಜಕ್ಕ ಸಾರಿನ ಕಡೆ ತಿರುಗಿದಳು. “ವಸಿ ಬೇಕು,” ಎಂದಳು.

ಅತ್ತೆ ಎಡಗೈಯಲ್ಲಿ ಉಪ್ಪಿನ ಮರಿಗೆ ಎಳೆದುಕೊಂಡು, ಒಂದು ಚಿಟಿಕೆ ಹಾಕಿದರು. “ನಿಮ್ಮ ಮಾವ ಉಪ್ಪು ಕಮ್ಮಿಯಾದರೆ ಎಲೆ ಬಿಟ್ಟು ಏಳುತ್ತಿದ್ದರು,” ಎಂದರು. ಆಮೇಲೆ ನನ್ನ ಗಂಡನನ್ನು ಕರೆದು ಬಡಿಸಲು ಹೇಳಿದರು. ಪುರೋಹಿತರು ಸಾರನ್ನು ಎರಡನೆಯ ಸಲ ಹಾಕಿಸಿಕೊಂಡರು.

ಬೇರೆ ಮನೆಯ ಮಾತು ಆಮೇಲೆ ಏಳಲಿಲ್ಲ. ಅಡಿಗೆಮನೆಯ ಬಾಗಿಲೂ ಅವಳಿಗೆ ತೆರೆಯಿತು. ಆದರೆ ತಿಥಿಯ ಮಾರನೆಯ ದಿನದಿಂದ ಅತ್ತೆ ಉಪ್ಪು ತಿನ್ನುವುದನ್ನು ಬಿಟ್ಟರು. ಕೇಳಿದವರಿಗೆ, ವಯಸ್ಸಾಯಿತು, ಸೇರುವುದಿಲ್ಲ ಎಂದರು. ಗಿರಿಜಕ್ಕ ಕೆಲವು ದಿನ ನೋಡಿ ತಾನೂ ಬಿಟ್ಟಳು. ಅತ್ತೆಗೆ ಅದು ತಿಳಿಯುವುದಕ್ಕೆ ಬಹಳ ದಿನ ಬೇಕಾಗಲಿಲ್ಲ.

“ನೀನು ತಿನ್ನೇ. ಒಬ್ಬಳು ಬಿಟ್ಟರೆ ಸಾಕು,” ಎಂದರು.

“ತಪ್ಪು ನಂದಲ್ವ ಅತ್ತೆ? ನೀವ್ಯಾಕೆ ಬುಡ್ಬೇಕು?”

“ತಪ್ಪು ನಿಂದು. ಗೊತ್ತಿದ್ದೂ ಬಡಿಸಿದ್ದು ನಾನು.”

ಇಬ್ಬರೂ ಸೋಲಲಿಲ್ಲ. ಒಂದೇ ಪಾತ್ರೆಯಲ್ಲಿ ಇಬ್ಬರಿಗೂ ಸಪ್ಪೆ ಸಾರು ಬೇಯುತ್ತಿತ್ತು. ಮನೆಯ ಗಂಡಸರಿಗೆ ಯಾಕೆಂದು ಕೊನೆಗೂ ಗೊತ್ತಾಗಲಿಲ್ಲ. ಹಾಗೆ ಎದುರುಬದುರು ಕೂತು ಉಣ್ಣುತ್ತಲೇ ಅವರಿಬ್ಬರಿಗೂ ಮಾತು ಕೂಡಿಬಂತು. ನನಗೆ ಒಳಗೊಳಗೇ ಹೊಟ್ಟೆಕಿಚ್ಚಾಗುವಷ್ಟು.

ಅತ್ತೆ ತೀರಿಕೊಂಡ ಮೇಲೆ ಭಾವನಿಗೆ ಉತ್ತರದ ಕಡೆ ಯಾವುದೋ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಮಂಡ್ಯದ ಸ್ಟೇಷನ್ನಿನಲ್ಲಿ ಬೀಳ್ಕೊಡಲು ಹೋಗಿದ್ದೆ. ಅವಳಿಗೆಂದು ಬೇರೆಯಾಗಿ ಕಟ್ಟಿದ್ದ ಸಪ್ಪೆ ಮೊಸರನ್ನದ ಗಂಟನ್ನು ಕೈಗೆ ಕೊಡುತ್ತ, ತಡೆಯಲಾರದೆ ಹೇಳಿದೆ: “ಅಕ್ಕಾ, ಅತ್ತೆ ಹೋದರಲ್ಲ. ಇನ್ನಾದರೂ ಉಪ್ಪು ತಿನ್ನು.”

ಅವಳು ಗಂಟನ್ನು ಮಡಿಲಲ್ಲಿ ಇಟ್ಟುಕೊಂಡು ಕಿಟಕಿಯಿಂದ ನನ್ನ ಕೈ ಹಿಡಿದಳು.

“ಅತ್ತೆ ಇದ್ದಿದ್ರೆ ಒಂದಿನ ಸೋತು ತಿಂತಿದ್ದೆ ಕಣವ್ವ,” ಎಂದಳು. “ಈಗ ಯಾರ್ಗೆ ಸೋಲಲಿ?”

ರೈಲು ಹೊರಟಿತು. ಆಮೇಲೆ ನಾನು ಅವಳನ್ನು ನೋಡಲಿಲ್ಲ.