ವಿಭೂತಿ ತಟ್ಟೆಯ ಮೇಲೆ ಕುಳಿತ ನೊಣ

ಹೋದ ತಿಂಗಳು ಒಂದು ಬೆಳಿಗ್ಗೆ ಪೂಜೆಗೆ ಕುಳಿತಿದ್ದ ನಮ್ಮ ಅತ್ತೆ ನನ್ನನ್ನು ಕೂಗಿದರು. "ಏ ಶಾಂತಾ, ಇಲ್ ಬಾ. ಈ ನೊಣ ಎಷ್ಟ್ ಓಡಿಸಿದ್ರೂ ಹಾರವಲ್ದು ನೋಡು."

ಹೋಗಿ ನೋಡಿದೆ. ವಿಭೂತಿ ತಟ್ಟೆಯ ಅಂಚಿನಲ್ಲಿ ಒಂದು ಹಸಿರು ನೊಣ. ಮೈ ಗಾಜಿನ ಹಾಗೆ ಹೊಳೆಯುತ್ತಿದೆ. ಅತ್ತೆ ಸೆರಗಿನಿಂದ ಬೀಸಿದರು, ಉಫ್ ಎಂದು ಊದಿದರು. ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಧೈರ್ಯ ಮಾಡಿ ಎರಡು ಬೆರಳಲ್ಲಿ ಎತ್ತಿದವರು ಚೀರಿ ಕೆಳಗೆ ಹಾಕಿದರು. ಬೆರಳ ತುದಿಯಲ್ಲಿ ರಕ್ತದ ಚುಕ್ಕೆ.

ನೊಣದ ಹೊಟ್ಟೆಯಲ್ಲಿ ಗಾಳ ಇತ್ತು. ಮೀನು ಹಿಡಿಯುವ ಗಾಳ!

ಈ ಅಂಕಣವನ್ನು ಹೊಸದಾಗಿ ಓದುತ್ತಿರುವವರಿಗೆ ಒಂದು ಮಾತು. ನಮ್ಮದು ಹಗರಿಬೊಮ್ಮನಹಳ್ಳಿಯ ಲಿಂಗಾಯತರ ಮನೆ. ಮೊಟ್ಟೆ ಹಾಕಿದ ಕೇಕ್ ಕೂಡ ನಮ್ಮ ಗೇಟ್ ದಾಟಿ ಒಳಗೆ ಬರುವುದಿಲ್ಲ. (ನಾವೇ ಗೇಟಿನಾಚೆ ನಿಂತು ತಿಂದು, ಬಾಯಿ ಒರೆಸಿಕೊಂಡು ಒಳಗೆ ಬರುತ್ತೇವೆ, ಅದು ಬೇರೆ ಮಾತು.) ಇಂಥ ಮನೆಯ ದೇವರ ಕೋಣೆಗೆ ಗಾಳ ಹೇಗೆ ಬಂತು?

ತಂದವರು ನಮ್ಮ ಮನೆಯವರು, ಕೊಟ್ರೇಶ. ಬಜಾರಿನಲ್ಲಿ ಅಂಗಡಿ ನಡೆಸುವ ಮನುಷ್ಯ. ಹೋದ ವರ್ಷ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ಕಾಲು ಸುಧಾರಿಸಿತು, ಮಾತು ಸರಿಯಾಯಿತು, ಬೆರಳುಗಳು ಮಾತ್ರ ಮುದುಡಿಕೊಂಡೇ ಉಳಿದವು. ದಿನಾ ಒತ್ತಿ ಎಂದು ಆಸ್ಪತ್ರೆಯಲ್ಲಿ ಒಂದು ಹಳದಿ ಚೆಂಡು ಕೊಟ್ಟಿದ್ದರು. ಅದು ಮಂಚದ ಕೆಳಗೆ ಧೂಳು ತಿನ್ನುತ್ತಿತ್ತು. "ನಾನೇನ್ ಸಣ್ ಹುಡುಗನಾ, ಚೆಂಡು ಹಿಡ್ಕೊಂಡು ಕುಂದ್ರಾಕ?" ಎನ್ನುವುದು ಇವರ ವಾದ. ದಿನಾ ಬೆಳಿಗ್ಗೆ ಅತ್ತೆಯೇ ಮಗನ ಹಣೆಗೆ ವಿಭೂತಿ ಹಚ್ಚುತ್ತಿದ್ದರು. ಮೂರು ಬೆರಳು ಬಿಡಿಸಿ ಹಣೆಯ ಮೇಲೆ ಎಳೆಯುವುದಕ್ಕೂ ಆಗದ ಕೈ ಅದು.

ಆಗ ಬಂದವನು ಹಡಗಲಿಯ ಹನುಮಂತಪ್ಪ. ಇವರ ಶಾಲೆಯ ದೋಸ್ತ್. ಬಿಡುವು ಸಿಕ್ಕರೆ ತಂಬ್ರಹಳ್ಳಿ ಕಡೆಯ ಹಿನ್ನೀರಿಗೆ ಗಾಳ ಹಿಡಿದು ಓಡುವ ಹುಚ್ಚು ಅವನಿಗೆ. ಜೇಬಿನಿಂದ ಒಂದು ಪ್ಲಾಸ್ಟಿಕ್ ನೊಣ ತೆಗೆದು ತೋರಿಸಿದ.

"ಎರಿಹುಳ ಹಾಕಿ ಹಿಡಿಯಾದ್ರಾಗ ಏನ್ ಮಜಾ ಐತಲೇ ಕೊಟ್ರ್ಯಾ? ಇಂಥಾ ನೊಣ ಬಿಟ್ಟು ಆಡಿಸಿ ಹಿಡೀಬೇಕು. ಆದ್ರ ಕಲ್ಲಿಗೆ ಸಿಕ್ಕೊಂಡ್ರ ಹೋತು. ನಮ್ಮ ಕಡಿ ಇವು ಎಲ್ಲಿ ಸಿಗಬೇಕು?"

ಇವರು ಆ ನೊಣವನ್ನು ಇಸಿದುಕೊಂಡರು. ಬಲಗೈಯಲ್ಲಿ! ಯಾರೂ ಹೇಳದೆ.

ಅಲ್ಲಿಂದ ಶುರುವಾಯಿತು ನೋಡಿ, ದೋಸ್ತ್‌ಗಾಗಿ ನೊಣ ಎರೆಯುವ ಹುಚ್ಚು. ಮೊಬೈಲ್ ತುಂಬ ನೊಣದ ವಿಡಿಯೊ. ನನ್ನ ತಂಗಿಯ ಮಗಳು ಕೀ ಚೈನ್ ಮಾಡಿ ಮಾಡಿ ಬೇಸರವಾಗಿ ಬಿಟ್ಟುಹೋದ ರೆಸಿನ್ ಎಂಬ ಪ್ಲಾಸ್ಟಿಕ್ ದ್ರವದ ಬಾಟಲಿಗಳು ಅಟ್ಟದಿಂದ ಇಳಿದವು. ಹನುಮಂತಪ್ಪನ ನೊಣವನ್ನು ಮೆತ್ತನೆಯ ಸಿಲಿಕೋನ್ ರಬ್ಬರಿನಲ್ಲಿ ಒತ್ತಿ ಎರಡು ಹೋಳಿನ ಅಚ್ಚು ಸಿದ್ಧವಾಯಿತು. ಒಳಗೆ ಗಾಳ ಇಡಬೇಕು, ರೆಕ್ಕೆಗೆ ದಾರ ಜೋಡಿಸಬೇಕು (ನನ್ನ ಹಳೆಯ ಇಳಕಲ್ ಸೀರೆಯ ಹಸಿರು ದಾರ), ಹೋಳು ಕೂಡಿಸಿ ರಬ್ಬರ್ ಬ್ಯಾಂಡ್ ಹಾಕಬೇಕು, ಎರಡು ಬಾಟಲಿಯ ದ್ರವ ಕಲಸಿ ಸಣ್ಣ ತೂತಿನಿಂದ ಎರೆಯಬೇಕು. ಮಾರನೇ ದಿನಕ್ಕೆ ಅದು ಕಲ್ಲಿನಂತಾಗುತ್ತದೆ. ಚೆಂಡು ಮುಟ್ಟದ ಮನುಷ್ಯ ಕೂದಲಿನಂಥ ದಾರ ಹಿಡಿಯಲು ಗಂಟೆಗಟ್ಟಲೆ ಒದ್ದಾಡಿದರು. ಬೈದುಕೊಂಡರು, ಬೆವೆತರು, ಎದ್ದು ಮಾತ್ರ ಹೋಗಲಿಲ್ಲ.

ಅಚ್ಚು ಕಂಡ ಅತ್ತೆ ಬಿಟ್ಟಾರೆಯೇ? ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿ ಎರೆಯುವುದರಲ್ಲಿ ನಮ್ಮ ಓಣಿಗೇ ಅವರು ಹಿರಿಯರು. ಕಟ್ಟಿಗೆಯ ಅಚ್ಚಿನಲ್ಲಿ ಸಕ್ಕರೆ ಪಾಕ ಎರೆದು ಬಸವಣ್ಣ, ಗಿಳಿ, ಆನೆ ಎಬ್ಬಿಸಿದರೆ ಒಂದು ಕಿವಿ ಮುರಿದದ್ದಿಲ್ಲ. ಮಗ ಏನೋ ಗೊಂಬೆ ಮಾಡುತ್ತಿದ್ದಾನೆ ಎಂದುಕೊಂಡು ಮಂಚದಿಂದಲೇ ಆಜ್ಞೆ ಹೊರಡಿಸಿದರು. "ಅಚ್ಚು ನೀರಾಗ ನೆನಿ ಹಾಕ್ದ ಯಾರರ ಎರೀತಾರೇನೋ? ಹತ್ಕೊಂಡ್ ಬಿಡ್ತತಿ!"

ಮಗ ನೆನೆಹಾಕಿದರು. ಮಾರನೇ ದಿನ ಬಿಚ್ಚಿದರೆ ನೊಣ ಬೆಳ್ಳಗೆ, ಮಬ್ಬಾಗಿ, ಅಂಟಂಟು. "ನೀರು ಸಾಲಿಲ್ಲ" ಎಂದರು ಅತ್ತೆ. ಮತ್ತಷ್ಟು ನೆನೆಹಾಕಿದರು. ಮತ್ತಷ್ಟು ಅಂಟು! ಸಕ್ಕರೆಗೆ ನೀರು ಬೇಕು, ರೆಸಿನ್‌ಗೆ ನೀರಿನ ಹನಿಯೂ ಆಗುವುದಿಲ್ಲ ಎಂಬುದು ತಾಯಿ ಮಗ ಇಬ್ಬರಿಗೂ ಆಗ ಗೊತ್ತಿರಲಿಲ್ಲ. ಕೊನೆಗೆ ಅತ್ತೆ ಕೋಗಳಿಗೆ ಮದುವೆಗೆ ಹೋದ ದಿನ, ನೆನಪಿಸುವವರಿಲ್ಲದೆ, ಇವರು ಒಣ ಅಚ್ಚಿಗೇ ಎರೆದುಬಿಟ್ಟರು. ಗಾಜಿನಂಥ ನೊಣ ಎದ್ದು ಬಂತು!

ಆ ನೊಣವೇ ವಿಭೂತಿ ತಟ್ಟೆಯ ಮೇಲೆ ಕುಳಿತಿದ್ದದ್ದು.

ಗಾಳ ಚುಚ್ಚಿದ ಮೇಲೆ ಅತ್ತೆಗೆ ಎಲ್ಲ ತಿಳಿಯಿತು. ಕಿರುಚಲಿಲ್ಲ. ಕಿರುಚಿದ್ದರೆ ಚೆನ್ನಾಗಿತ್ತು. "ನನ್ನ ಮುಂದ ಕುಂದ್ರಿಸ್ಕೊಂಡು, ನನ್ನ ಕೇಳಿ ಕೇಳಿ, ಜೀವ ತಗಿಯಾದು ಮಾಡಿದ್ಯಲ್ಲೋ ಕೊಟ್ರಪ್ಪಾ" ಎಂದಷ್ಟೇ ಅಂದರು. ಅಚ್ಚು, ಬಾಟಲಿ, ದಾರ ಎಲ್ಲ ರಟ್ಟಿನ ಡಬ್ಬಕ್ಕೆ ಹೋದವು. ಇವರ ಬಲಗೈ ಮತ್ತೆ ತೊಡೆಯ ಮೇಲೆ ಮಲಗಿತು.

ಒಂದು ವಾರ ನೋಡಿದೆ. ಬೆರಳುಗಳು ಮತ್ತೆ ಮುದುಡಿಕೊಳ್ಳುತ್ತಿದ್ದವು. ತಡೆದುಕೊಳ್ಳಲು ಆಗಲಿಲ್ಲ.

"ಅತ್ತಿ, ನಮ್ಮ ಅಂಗಡ್ಯಾಗ ಮಾವನೋರ ಕಾಲದಿಂದ ಮೀನಿನ ಬಲಿ, ಗಾಳ ಮಾರೀವಲ್ರಿ. ಆ ಅನ್ನ ನಾವೆಲ್ಲಾ ಉಂಡೀವಿ."

"ಅದು ಯಾಪಾರ."

"ಇದು?"

"ಇದು ಮನಿ."

ನಗಬೇಡಿ. ನಮಗೆಲ್ಲ ಇಂಥದೊಂದು ಗೇಟ್ ಇದೆ. ಅದರಾಚೆ ನಡೆದದ್ದು ವ್ಯಾಪಾರ, ಈಚೆ ಬಂದರೆ ಪಾಪ. ಕೇಕ್ ತಿಂದು ಬಾಯಿ ಒರೆಸಿಕೊಳ್ಳುವ ನಾನು ಅತ್ತೆಗೆ ಯಾವ ಬಾಯಿಂದ ಬುದ್ಧಿ ಹೇಳಲಿ? ಅವರ ಸಂಕಟ ಸುಳ್ಳಲ್ಲ. ಇರುವೆ ಸಾಲು ಕಂಡರೆ ದಾಟಿ ಹೋಗುವ ಹೆಂಗಸು ಅವರು. ಆದರೆ ನನ್ನ ಗಂಡನ ಕೈಯೂ ಸುಳ್ಳಲ್ಲವಲ್ಲ!

ಅದಕ್ಕೇ ಒಂದೇ ಮಾತು ಹೇಳಿದೆ. "ಆ ನೊಣ ತಟ್ಟಿ ಮ್ಯಾಲ ಹೆಂಗ್ ಬಂತು ಗೊತ್ತೇನ್ರಿ? ಅವತ್ತು ನೀವು ಏಳೂಕಿಂತ ಮೊದ್ಲ ಅವರು ತಾವ ವಿಭೂತಿ ಹಚ್ಕೊಂಡಿದ್ರು. ಬಲಗೈಲೆ. ಕೈಯಾಗಿದ್ದ ನೊಣ ಅಲ್ಲಿಟ್ಟು ಮರತಿದ್ರು. ಆ ಸಂಕಟದಾಗ ನೀವು ಅವರ ಹಣಿ ನೋಡ್ಲಿಲ್ಲ."

ಅತ್ತೆ ನನ್ನ ಮುಖ ನೋಡಿದರು. "ಮೂರು ಗೆರಿ ಬಂದಿದ್ದುವೇನು?"

"ಸೊಟ್ಟ ಇದ್ವು. ಮೂರೂ ಇದ್ವು."

ಅತ್ತೆ ಎದ್ದರು. ದೇವರ ಕೋಣೆಗೆ ಹೋಗಿ ಕುಳಿತರು. ಬಹಳ ಹೊತ್ತು ಬರಲಿಲ್ಲ.

ಮರುದಿನ ಅಂಗಳಕ್ಕೆ ಹೋದರೆ ಬಿಸಿಲಿಗೆ ಹರವಿದ ಬಟ್ಟೆಯ ಮೇಲೆ ಆ ಅಚ್ಚಿನ ಎರಡು ಹೋಳು. ಪಕ್ಕದಲ್ಲಿ ಅತ್ತೆ, ಸಂಡಿಗೆಗೆ ಕಾಗೆ ಕಾಯುವವರ ಹಾಗೆ. ಮಗನನ್ನು ಕೂಗಿದರು. "ಬಾರೋ. ಒಣಗೈತಿ. ಒಂದ್ ಹನಿ ನೀರ್ ಹಾಕಿಲ್ಲ." ಇವರು ಬಂದು ಕುಳಿತರು. "ನಾ ಅಚ್ಚು ಹಿಡಿತೀನಿ. ಗಾಳ ನೀನ ಇಡಬೇಕು. ಅದನ್ನ ನಾ ಮುಟ್ಟಂಗಿಲ್ಲ."

ಅತ್ತೆ ಅಚ್ಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಇವರ ಬೆರಳು ನಡುಗುತ್ತ ನಡುಗುತ್ತ ಗಾಳವನ್ನು ಅದರ ಜಾಗಕ್ಕೆ ತಂದವು. ಜಾರಿತು. ಮತ್ತೆ ಎತ್ತಿದರು.

ಅತ್ತೆ ತಲೆ ಎತ್ತದೆ ಕೇಳಿದರು. "ಮೀನಿಗೆ ನೋಯ್ತತೇನೋ?"

ಇವರು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ನೋಯ್ತತವ್ವಾ."

ಅತ್ತೆಯ ಕಣ್ಣಿಂದ ನೀರು ಇಳಿಯಿತು. ಅಚ್ಚಿನ ಮೇಲೆ ಬೀಳದ ಹಾಗೆ ಮುಖ ಪಕ್ಕಕ್ಕೆ ತಿರುಗಿಸಿಕೊಂಡರು. ಹಿಡಿದ ಕೈ ಮಾತ್ರ ಸಡಿಲಿಸಲಿಲ್ಲ.

ನೀವಾಗಿದ್ದರೆ ಬಿಡುತ್ತಿದ್ದಿರಾ?