ರೋಸ್ವಿತಾ ಮೇನ್‌ಫ್ರೇಮನ್ನ ಸುಮ್ನೆ ಕೂರಿಸಿದ್ದು

ಸುಳ್ಳು ಅಂತೀಯಾ? ಅನ್ನು ಅನ್ನು, ಬಾಯಿ ನಿಂದು. ಅಡುಗೆಮನೆ ಮೇಜಿನ ಮೇಲೆ, ಹಿಟ್ಟಿನ ಡಬ್ಬಿ ಪಕ್ಕದಲ್ಲಿ ಮೇನ್‌ಫ್ರೇಮ್ ಇಟ್ಕೊಂಡಿದ್ಲು ಅಂದ್ರೆ ಇಟ್ಕೊಂಡಿದ್ಲು. ಏನಂದೆ? ಅದು ಬೀರು ಗಾತ್ರದ ಕಂಪ್ಯೂಟರ್ ಯಂತ್ರ, ಮನೆ ನೆಲ ಕುಸಿದುಹೋಗುತ್ತೆ ಅಂತ ನನಗೇ ಪಾಠ ಹೇಳ್ತೀಯಾ? ಗೊತ್ತಪ್ಪ. ಅಸಲಿ ಯಂತ್ರ ಗುಡ್ಡದ ಮೇಲಿನ ಲ್ಯಾಬಲ್ಲಿ, ಫ್ರಿಜ್ಜಿನಂಥ ಕೋಣೇಲಿ ನಿಂತಿತ್ತು. ರೋಸ್ವಿತಾ ಹತ್ರ ಇದ್ದದ್ದು ಅದರ ವೇಷ. ಒಂದು ಹಳೇ ಲ್ಯಾಪ್‌ಟಾಪು, ಅದರೊಳಗೆ ಎಮ್ಯುಲೇಟರ್ ಅನ್ನೋ ಪ್ರೋಗ್ರಾಮು. "ನಾನೇ ಮೇನ್‌ಫ್ರೇಮು" ಅಂತ ಅದು ಎಂಥಾ ಜಂಬದಲ್ಲಿ ನಟಿಸ್ತಿತ್ತು ಅಂದ್ರೆ, ಒಳಗೆ ಓಡ್ತಿದ್ದ ಕರ್ನಲ್‌ಗೆ, ಅಂದ್ರೆ ಯಂತ್ರಾನ ನಡೆಸೋ ಮೂಲ ಪ್ರೋಗ್ರಾಮಿಗೆ, ಗುಮಾನೀನೇ ಬರ್ತಿರ್ಲಿಲ್ಲ. ನಿಧಾನ ಮಾತ್ರ ಹೇಳಬಾರ್ದು. ಚಾಲೂ ಮಾಡಿ, ಹಿಟ್ಟು ನಾದಿ, ಬ್ರೆಡ್ ಬೇಯ್ಸಿ, ತಿಂದು ಕೈ ತೊಳ್ಕೊಂಡು ಬಂದ್ರೆ ಆಗ "ಇದೀನಿ" ಅನ್ನೋದು. ಕಿಟಕಿ ಗಾಜು ಹತ್ತುತ್ತಿದ್ದ ಬಸವನಹುಳು ಒಂದ್ಸಲ ತಿರುಗಿ ನೋಡಿ ನಕ್ಕಿತು. ನಗಬೇಡ, ನೋಡಿದವರಿದ್ದಾರೆ.

ರೋಸ್ವಿತಾ ಐಸೆಲೆಗೆ ಆಗ ಐವತ್ತೆಂಟು. ಗಿಡ್ಡಕ್ಕೆ, ಗಟ್ಟಿಯಾಗಿದ್ಲು, ಕನ್ನಡಕಾನ ದಾರಕ್ಕೆ ಕಟ್ಟಿ ಕೊರಳಿಗೆ ಹಾಕ್ಕೊಂಡಿದ್ಲು. ಬೇಕರಿಯಲ್ಲಿ ಬ್ರೆಟ್ಸೆಲ್ ಅನ್ನೋ ಗಂಟು ಬ್ರೆಡ್ ತಗೊಂಡ್ರೆ ಮೇಲಿನ ಉಪ್ಪಿನ ಹರಳು ಎಣಿಸಿ, ನಿನ್ನೆಗಿಂತ ಎರಡು ಕಮ್ಮಿ ಅನ್ನೋಳು. ಕರ್ನಲ್‌ಗೆ ಯಾರಾದ್ರೂ ಹೊಸದೇನಾದ್ರೂ ಸೇರಿಸಿದ್ರೆ ಅದನ್ನ ಹೆಂಗಾದ್ರೂ ಮಾಡಿ ಬೀಳಿಸೋದು ಅವಳ ಕೆಲಸ. ಬೀಳದೇ ಇದ್ರೆ ಸಹಿ ಹಾಕೋಳು. ಇಪ್ಪತ್ತೆರಡು ವರ್ಷದಲ್ಲಿ ಅವಳು ಸಹಿ ಹಾಕಿದ ಯಾವುದೂ ಬಿದ್ದಿರ್ಲಿಲ್ಲ. ಆ ಸಹಿಯೇ ಅವಳ ಆಸ್ತಿ.

ಆ ವಸಂತದಲ್ಲಿ ಬಂದ ಹೊಸ ಸಂಗತಿ ಹಿಂಗಿತ್ತು. ಒಂದು ಮೇನ್‌ಫ್ರೇಮ್ ಒಳಗೆ ನೂರಾರು ಕರ್ನಲ್‌ಗಳು ಬಾಡಿಗೆಗೆ ಇದ್ದ ಹಂಗೆ ಇರ್ತವೆ, ಕೆಳಗೆ ಒಬ್ಬ ಯಜಮಾನ ಪ್ರೋಗ್ರಾಮು. ತನಗೆ ಬೇಡದ ಮೆಮೊರಿ ಖಾನೆಗಳನ್ನ ಕರ್ನಲ್ ಹೊರಗಿಟ್ಟು, ಬೇಕಾದ್ರೆ ತಗೋ ಅನ್ನಬೇಕು. ಆಮೇಲೆ ಬೇಕಾದಾಗ ವಾಪಸ್ ಇಸ್ಕೋಬೇಕು. ವಾಪಸ್ ಬಂದ ಖಾನೆ ಒಳಗೆ ಏನಿರುತ್ತೆ? ಯಂತ್ರದ ನಿಯಮದ ಪುಸ್ತಕದಲ್ಲಿ, "ಏನಾದ್ರೂ ಇರಬಹುದು" ಅಂತಿದೆ. ಆದ್ರೆ ಲ್ಯಾಬಿನ ಯಂತ್ರದಲ್ಲಿ ಪ್ರತೀ ಸಲ ಖಾಲಿಯಾಗೇ ಬರ್ತಿತ್ತು. ಕರ್ನಲ್ ಬರೆಯೋ ಹುಡುಗರು ಇದನ್ನ ನೋಡಿದ್ರು. ಖಾಲಿ ಖಾನೆ ಇನ್ನೊಂದ್ಸಲ ಯಾಕೆ ಗುಡಿಸೋದು, ವೇಗ ಸಿಗುತ್ತೆ ಅಂತ ಗುಡಿಸೋದನ್ನೇ ಬಿಟ್ರು.

ಈ ರೋಸ್ವಿತಾ ಇರೋ ಕಟ್ಟಡದಲ್ಲಿ ಮೇಲಿನ ಮನೆ ಬೆಟ್ಸ್ನರ್ ಮುದುಕಿ ಇದ್ಲಲ್ಲ. ಬಾಗಿಲಿಗೆ ಹಲಗೆ ಬಂದು ನೇತಾಡಿದ ವಾರ ಮೆಟ್ಟಿಲು ಗುಡಿಸೋ ಪಾಳಿ ನಿಂದು ಅನ್ನೋದು ನಮ್ಮ ಸೀಮೆ ಜನಕ್ಕೆ, ಶ್ವಾಬರಿಗೆ, ಹಾಲು ಕುಡಿಯುವಾಗಲೇ ಗೊತ್ತಿರುತ್ತೆ. ಬೆಟ್ಸ್ನರ್‌ಗೆ ಅಷ್ಟು ಸಾಲದು. ನಿನ್ನ ಪಾಳಿ ದಿನ ಕಾಲೊರೆಸು ಕೆಳಗೆ ಒಂದು ಬೆಂಕಿಕಡ್ಡಿ ಇಟ್ಟು ಹೋಗೋಳು. ಸಂಜೆ ಕಡ್ಡಿ ಅಲ್ಲೇ ಇದ್ರೆ, ನೀನು ಮ್ಯಾಟ್ ಎತ್ತದೇ ಗುಡಿಸಿದೀಯ ಅಂತ ಊರಿಗೆಲ್ಲ ಸುದ್ದಿ.

ರೋಸ್ವಿತಾನೂ ಹಂಗೇ ಮಾಡಿದ್ಲು. ತನ್ನ ಎಮ್ಯುಲೇಟರ್‌ಗೆ ಹೇಳಿಕೊಟ್ಟು, ವಾಪಸ್ ಕೊಡೋ ಪ್ರತೀ ಖಾನೆ ಒಳಗೂ ಒಂದಿಷ್ಟು ಕಸ ತುಂಬಿಸಿ ಕೊಡಿಸಿದ್ಲು. ಕರ್ನಲ್ ಕಸಾನ ತನ್ನದೇ ಸಾಮಾನು ಅಂದ್ಕೊಂಡು ಬಾಯಿಗೆ ಹಾಕ್ಕೊಳ್ತು, ಅಲ್ಲೇ ಅಂಗಾತ ಬಿತ್ತು.

ಮೇಲಧಿಕಾರಿ ಗೆರೋಲ್ಟ್ ಸೋಮವಾರ ಬಂದು ನೋಡಿದ. ಉದ್ದ ಮನುಷ್ಯ, ಮಾತಾಡುವಾಗ ಪೆನ್ನಿನ ಮುಚ್ಚಳ ಕಚ್ಚೋ ಚಾಳಿ.

"ಫ್ರಾವ್ ಐಸೆಲೆ, ನಿಮ್ಮ ಆಟದ ಸಾಮಾನು ಕೆಟ್ಟಿದೆ."

"ಕೆಟ್ಟಿಲ್ಲ. ಕೆಟ್ಟ ಬುದ್ಧಿ ಕಲ್ತಿದೆ. ನಾನೇ ಕಲ್ಸಿದ್ದು."

"ಅಸಲಿ ಯಂತ್ರದ ಮೇಲೆ ಆರು ವಾರ ಓಡಿದೆ ರೀ! ಒಂದ್ಸಲ ಎಡವಿಲ್ಲ."

"ಪುಸ್ತಕ ಏನನ್ನುತ್ತೆ?"

"ಪುಸ್ತಕ ಬಿಡಿ. ಆ ಕಸ ಅಸಲಿ ಯಂತ್ರಕ್ಕೆ ಎಲ್ಲಿಂದ ಬರುತ್ತೆ, ಅದು ಹೇಳಿ."

ಅದು ರೋಸ್ವಿತಾಗೂ ಗೊತ್ತಿರ್ಲಿಲ್ಲ.

"ಗುರುವಾರ ಮಧ್ಯಾಹ್ನ ಈ ಕರ್ನಲ್ ಪಿಂಚಣಿ ಆಫೀಸಿಗೆ ಹೋಗುತ್ತೆ," ಅಂದ ಗೆರೋಲ್ಟ್. "ಅಷ್ಟರೊಳಗೆ ಅಸಲಿ ಯಂತ್ರದಲ್ಲಿ ಒಂದ್ಸಲ ಬೀಳಿಸಿ ತೋರಿಸಿ. ಆಗದಿದ್ರೆ ಸಹಿ ನಾನೇ ಹಾಕ್ತೀನಿ. ನೀವು ಬಳಕೆದಾರರ ಕೈಪಿಡಿ ಬರೆಯೋ ವಿಭಾಗಕ್ಕೆ ಹೋಗಿ, ಅಲ್ಲಿ ಬೇಕಾದಷ್ಟು ಪುಸ್ತಕ ಇದೆ."

ಎರಡು ದಿನ ಅವಳು ಅಸಲಿ ಯಂತ್ರಾನ ಅರೆದು ಹಿಟ್ಟು ಮಾಡಿದ್ಲು. ಕೆಲಸದ ಮೇಲೆ ಕೆಲಸ ಹೇರಿದ್ಲು, ಅದರ ಮೇಲೆ ಇನ್ನೊಂದು ಹೇರಿದ್ಲು. ಯಂತ್ರ ಎತ್ತಿನ ಹಂಗೆ ಎಳೀತು. ಬೀಳ್ಲಿಲ್ಲ.

ಬುಧವಾರ ಸಂಜೆ ಕಾಲೆಳ್ಕೊಂಡು ಮನೆಗೆ ಬಂದ್ರೆ, ಬಾಗಿಲಲ್ಲಿ ಬೆಟ್ಸ್ನರ್ ಮುದುಕಿ ಕಸದ ಡಬ್ಬದ ಮುಚ್ಚಳ ಎತ್ತಿ ಹಿಡ್ಕೊಂಡು ನಿಂತಿದ್ಲು.

"ನೋಡಿ ಫ್ರಾವ್ ಐಸೆಲೆ, ಮೊನ್ನೆ ಹೊರಗಿಟ್ಟ ಮೂಲಂಗಿ ಸೊಪ್ಪು! ಹಂಗೇ ಕೂತಿದೆ. ಕಸದ ಗಾಡಿಯವನು ರಜ, ಗಾಡಿ ಬಂದೇ ಇಲ್ಲ. ಬಂದಿದ್ರೆ ಡಬ್ಬ ಲಕಲಕ ಅಂತ ಖಾಲಿ ಇರ್ತಿತ್ತು."

"ಇನ್ನೊಂದ್ಸಲ ಹೇಳಿ," ಅಂದ್ಲು ರೋಸ್ವಿತಾ.

"ಗಾಡಿ ಬಂದಿಲ್ಲ ಅಂದೆ. ಕಿವಿಗೂ ರಜಾನಾ?"

ರೋಸ್ವಿತಾ ಆ ಮುದುಕಿಯ ಎರಡೂ ಕೆನ್ನೆಗೆ ಮುತ್ತು ಕೊಟ್ಲು. ಬೆಟ್ಸ್ನರ್‌ಗೆ ಮದುವೆ ದಿನ ಬಿಟ್ರೆ ಅಂಥದ್ದು ಆಗಿದ್ದೇ ಇಲ್ವಂತೆ, ಮುಚ್ಚಳ ಕಾಲಮೇಲೆ ಬಿದ್ದದ್ದೂ ಗೊತ್ತಾಗ್ಲಿಲ್ಲ.

ಗೊತ್ತಾಯ್ತಾ ನಿಂಗೆ? ಯಜಮಾನ ಪ್ರೋಗ್ರಾಮು ಹೊರಗಿಟ್ಟ ಖಾನೇನ ಎತ್ಕೊಂಡು ಹೋಗೋದು ಬೇರೆ ಯಾರಿಗೋ ಜಾಗ ಬೇಕಾದಾಗ. ಲ್ಯಾಬಿನ ಯಂತ್ರದಲ್ಲಿ ಹಗಲೂ ರಾತ್ರಿ ನೂಕುನುಗ್ಗಲು, ಜಾಗ ಎಲ್ಲರಿಗೂ ಬೇಕು. ಹಂಗಾಗಿ ಇಟ್ಟ ತಕ್ಷಣ ಎತ್ತಿಬಿಡ್ತಿದ್ದ, ಕೇಳಿದಾಗ ಹೊಸಾ ಖಾಲಿ ಖಾನೆ ಕೊಡ್ತಿದ್ದ. ಯಂತ್ರಕ್ಕೆ ಕೆಲಸವೇ ಇಲ್ದಿದ್ರೆ? ಯಾರೂ ಎತ್ತಲ್ಲ. ಹಳೇ ಕಸ ತುಂಬಿದ ಅದೇ ಖಾನೆ ವಾಪಸ್ ಬರುತ್ತೆ. ನಮ್ಮ ಜನಕ್ಕೆ ಸುಮ್ನೆ ಕೂರೋದು ಅಂದ್ರೆ ಪಾಪ. ಯಂತ್ರಾನ ಬಡಿದು, ತುಳಿದು, ಉಸಿರು ಕಟ್ಟಿಸಿ ಪರೀಕ್ಷೆ ಮಾಡಿದ್ರು. ಅದು ಸುಮ್ನೆ ಕೂತ್ರೆ ಏನಾಗುತ್ತೆ ಅಂತ ಅಲ್ಲಿ ಒಬ್ರಿಗೂ ಹೊಳೀಲಿಲ್ಲ. ಪಿಂಚಣಿ ಆಫೀಸು ಭಾನುವಾರ ಬಾಗಿಲು ಹಾಕುತ್ತೆ, ಅವತ್ತು ಅಲ್ಲಿನ ಯಂತ್ರಕ್ಕೂ ಕೆಲಸ ಇರಲ್ಲ, ನೆನಪಿರ್ಲಿ.

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ರೋಸ್ವಿತಾ ಯಂತ್ರದ ಕೋಣೆ ನೋಡ್ಕೊಳ್ಳೋ ಕೊರ್ನೇಲ್ ಫಿಸ್ಟರರ್ ಹತ್ರ ಹೋದ್ಲು. ಶಾಲೇಲಿ ಜೊತೆಗೆ ಓದಿದವನು. ಸಾಸೇಜ್ ಇಟ್ಟ ಬನ್ನು ಅವನ ಕೈಯಲ್ಲಿತ್ತು.

"ಕೊರ್ನೇಲ್, ಯಂತ್ರ ಬೇಕು ಕಣೋ."

"ತಗೊಳೇ."

"ಬೇರೆ ಏನೂ ಓಡಬಾರ್ದು. ಹದಿನೈದು ನಿಮಿಷ ಸುಮ್ನೆ ಕೂತಿರ್ಬೇಕು."

ಅವನು ಬನ್ನು ಕೆಳಗಿಟ್ಟ. ಆ ಕೋಣೆ ಕೆಲಸಕ್ಕೆ ಬಂದ ಹನ್ನೊಂದು ವರ್ಷದಲ್ಲಿ ಅವನು ತಿಂಡಿ ಅರ್ಧಕ್ಕೆ ಬಿಟ್ಟಿದ್ದು ಅವತ್ತೇ.

"ಸುಮ್ನೆ? ಏನೂ ಮಾಡ್ದೆ? ಒಂದು ಬೀದಿ ಮನೆಗಳ ಬೆಲೆಯ ಯಂತ್ರ ಕಣೇ ಇದು! ಕೆಲಸ ಸಿಗದೇ ಇದ್ದ ದಿನ ನಾನೇ ಏನಾದ್ರೂ ಗುಣಾಕಾರ ಕೊಟ್ಟು ಓಡಿಸ್ತೀನಿ. ನನ್ನ ಹಲ್ಲಿನ ಸೆಟ್ ಕೇಳು, ಬಿಚ್ಚಿ ಕೊಡ್ತೀನಿ."

"ನಿನ್ನ ಹಲ್ಲು ಕಟ್ಕೊಂಡು ನಾನೇನು ಮಾಡ್ಲಿ? ನಿಮ್ಮಮ್ಮನ ಪಿಂಚಣಿ ಎಲ್ಲಿಂದ ಬರುತ್ತೋ?"

ಅವನು ಅವಳ ಮುಖ ನೋಡಿದ. ಇವಳು ತಮಾಷೆಗೆ ಏನನ್ನೂ ಕೇಳಲ್ಲ ಅಂತ ಒಂದನೇ ಕ್ಲಾಸಿಂದ ಗೊತ್ತಿತ್ತು. ಒಂದೊಂದೇ ಕೆಲಸ ನಿಲ್ಲಿಸ್ತಾ ಹೋದ, ಒಂದೊಂದಕ್ಕೂ ಒಂದೊಂದು ನಿಟ್ಟುಸಿರು. ಫ್ಯಾನ್‌ಗಳ ಸದ್ದು ಇಳೀತು. ಎಷ್ಟು ಇಳೀತು ಅಂದ್ರೆ ಕೆಳಗಿನ ಊರಿನ ನಾಯಿಗಳು ತಲೆ ಎತ್ತಿ ಗುಡ್ಡದ ಕಡೆ ನೋಡಿದ್ವು.

ಗೆರೋಲ್ಟ್ ಓಡಿ ಬಂದ. "ಏನಾಯ್ತು? ಸತ್ತೋಯ್ತಾ?"

"ಕೂತಿದೆ," ಅಂದ್ಲು ರೋಸ್ವಿತಾ. "ನೀವೂ ಕೂತ್ಕೊಳ್ಳಿ. ನನ್ನ ಕರ್ನಲ್ ಒಂದೇ ಓಡ್ತಾ ಇರೋದು. ಖಾನೆ ಹೊರಗಿಡುತ್ತೆ, ವಾಪಸ್ ತಗೊಳ್ಳುತ್ತೆ, ಅಷ್ಟೇ."

ಅಯ್ಯೋ, ಆ ಹದಿನೈದು ನಿಮಿಷ! ಮೂರು ಜನ ಶ್ವಾಬರು ಕೈಕಟ್ಟಿ ಕೂರೋದು ನೀನು ನೋಡಿಲ್ಲ. ಐದನೇ ನಿಮಿಷಕ್ಕೆ ಫಿಸ್ಟರರ್ ಕರ್ಚೀಫಲ್ಲಿ ಮೇಜು ಒರೆಸೋಕೆ ಶುರುಮಾಡಿದ. ಎಂಟಕ್ಕೆ ಗೆರೋಲ್ಟ್ ಪೆನ್ನಿನ ಮುಚ್ಚಳ ನುಂಗೇಬಿಟ್ಟ ಅಂತಾರೆ. ರೋಸ್ವಿತಾ ಅಲುಗಾಡ್ಲಿಲ್ಲ. ಮಡಿಲಲ್ಲಿದ್ದ ಅವಳ ಕೈ ಮಾತ್ರ ಕನ್ನಡಕದ ದಾರಾನ ಗಂಟು ಹಾಕ್ತಿತ್ತು, ಬಿಚ್ಚುತ್ತಿತ್ತು.

ಹನ್ನೊಂದನೇ ನಿಮಿಷ. ಪರದೆ ಮೇಲೆ ಸಾಲುಗಳು ದಡಬಡ ಉರುಳಿ ನಿಂತ್ವು. ಅಡುಗೆಮನೆ ಲ್ಯಾಪ್‌ಟಾಪಲ್ಲಿ ಬಿದ್ದ ಜಾಗದಲ್ಲೇ, ಅದೇ ಥರಾ ಬಿದ್ದಿತ್ತು.

ಗೆರೋಲ್ಟ್ ಬಗ್ಗಿ ಓದಿದ. ಇನ್ನೊಂದ್ಸಲ ಓದಿದ. "ಮತ್ತೆ ಓಡಿಸಿ," ಅಂದ. ಮತ್ತೆ ಬಿತ್ತು, ಈ ಸಲ ಒಂಬತ್ತನೇ ನಿಮಿಷಕ್ಕೆ. ಅವನು ಜೇಬಿಂದ ಮಡಚಿದ ಹಾಳೆ ತೆಗೆದ. ಮಹಾರಾಯ ಬೆಳಿಗ್ಗೇನೇ ಸಹಿ ಹಾಕಿಟ್ಟಿದ್ದ. ಅವಳ ಎದುರಿಗೇ ಅದನ್ನ ನಾಲ್ಕು ಚೂರು ಮಾಡಿದ.

"ಗುಡಿಸೋದನ್ನ ವಾಪಸ್ ಸೇರಿಸೋಕೆ ಎಷ್ಟು ಸಾಲು ಬೇಕು, ಫ್ರಾವ್ ಐಸೆಲೆ?"

"ಎರಡು."

"ಮಧ್ಯಾಹ್ನದೊಳಗೆ ಹಾಕಿಸ್ತೀನಿ. ಸಹಿ ಮಾಡ್ತೀರಾ?"

"ಮೊದ್ಲು ಬೀಳ್ಸಿ ನೋಡ್ತೀನಿ," ಅಂದ್ಲು ಅವಳು, ಕನ್ನಡಕ ಏರಿಸ್ಕೊಂಡು. "ಮನೇಲಿ. ನನ್ನ ಆಟದ ಸಾಮಾನಲ್ಲಿ."

ಪಿಂಚಣಿ ಆಫೀಸಿಗೆ ಗೆರೋಲ್ಟೇ ಫೋನ್ ಮಾಡಿ, ಇನ್ನೂ ನಾಲ್ಕು ದಿನ ಕಾಯಿರಿ, ಐಸೆಲೆಯವರ ಸಹಿ ಆಗಿಲ್ಲ ಅಂದ. ಅವಳು ನಾಲ್ಕು ದಿನ ಇದ್ದಬದ್ದ ಕಸಾನೆಲ್ಲ ಆ ಕರ್ನಲ್ ಬಾಯಿಗೆ ತುರುಕಿದ್ಲು. ಎರಡು ಸಾಲು ಗಟ್ಟಿಯಾಗಿ ನಿಂತ್ವು. ಸೋಮವಾರ ಹೆಸರು ಬರೆದು ಕೊಟ್ಲು, ಸಣ್ಣ ಅಕ್ಷರದಲ್ಲಿ, ಶಾಯಿ ಉಳಿಸಿ. ಅಲ್ಲಿಂದಾಚೆ ಲ್ಯಾಬಲ್ಲಿ ಯಾವ ಕರ್ನಲ್ ಆದ್ರೂ ಮೊದಲು ಅವಳ ಅಡುಗೆಮನೆ ದಾಟಿ ಬರಬೇಕಿತ್ತು. ಕೈಪಿಡಿ ವಿಭಾಗದ ಮಾತು ಮತ್ತೆ ಯಾರೂ ಎತ್ತಲಿಲ್ಲ.

ಇದಕ್ಕೇ ಬಾಯಿ ಬಿಟ್ರೆ ಹೆಂಗಯ್ಯ? ಒಂದ್ಸಲ ಅವಳು ಆ ಎಮ್ಯುಲೇಟರ್ ಒಳಗೇ ಇನ್ನೊಂದು ಎಮ್ಯುಲೇಟರ್, ಅದರೊಳಗೆ ಮತ್ತೊಂದು, ಹಿಂಗೆ ಏಳು ಇಟ್ಟು ಚಾಲೂ ಮಾಡಿದ್ಲು, ಏಳನೇದು ಎದ್ದು ಕೂರೋ ಹೊತ್ತಿಗೆ ಕ್ಯಾಲೆಂಡರ್... ಹಾಂ? ಬಂದೆ ಕಣೇ! ಶ್ಪೆಟ್ಸ್ಲೆ ಶಾವಿಗೆ ಆರೋಗುತ್ತೆ ಅಂತ ಗೊತ್ತು, ಬೇಳೆ ಮೇಲೆ ನನಗೆ ಸಾಸೇಜ್ ಎರಡು ಹಾಕು, ಬಂದೆ!