ಹಳೆಯ ಸ್ಮಶಾನದ ಕಾವಲುಗಾರರು
ನಗರದ ಹಳೆಯ ಸ್ಮಶಾನಕ್ಕೆ ಶಾಲೆಯ ಮೇಷ್ಟ್ರಾದ ನಾನು ಮೊದಲ ಸಲ ಹೋದ ದಿನವೇ ಅಲ್ಲಿದ್ದ ಒಬ್ಬರೇ ಕಾವಲುಗಾರರು ನನ್ನ ಚೀಲ ತಡಕಿ, "ಯಾರನ್ನ ನೋಡ್ಬೇಕು? ಅವರು ನಿಮಗೇನಾಗ್ಬೇಕು?" ಎಂದು ವಿಚಾರಿಸಿದರು. ಅಲ್ಲಿ ಮಲಗಿರುವ ಹೆಸರಾಂತ ಸೇನಾಪತಿಯ, ಗಾಯಕಿಯ ಸಮಾಧಿಗೆ ಹೂ ತಂದವರೂ ಅವರ ಕಣ್ಣಿಗೆ ಅಮೃತಶಿಲೆ ಕದಿಯುವವರೇ. ಬೇಗ ಅತ್ತವರಂತೂ ಪಕ್ಕಾ ಕಳ್ಳರು. ಮೂರು ವರ್ಷ ಯಾರೂ ಬಾರದ ಸಮಾಧಿಯನ್ನು ಸ್ಮಶಾನದ ಕಚೇರಿಯವರು ಅಗೆದು ಬೇರೆಯವರಿಗೆ ಕೊಡುತ್ತಾರೆ. ಊರಿನ ಮೊದಲ ಶಾಲೆ ಕಟ್ಟಿಸಿದ ಅಜ್ಜಿಯ ಸಮಾಧಿಗೆ ಒಬ್ಬರೂ ಬರುತ್ತಿರಲಿಲ್ಲ. ಆದರೂ ಭೇಟಿ ಪುಸ್ತಕದಲ್ಲಿ ಆಕೆಯ ಹೆಸರಿಗೆ ತಿಂಗಳಿಗೊಂದು ಸಹಿ ಇತ್ತು. ನಾನು ಕೇಳಿದರೆ ಕಾವಲುಗಾರರು, "ಮೊಮ್ಮಗ ಬರ್ತಾನೆ ಮೇಷ್ಟ್ರೇ, ನಿಮಗ್ಯಾಕೆ?" ಎಂದು ಪುಸ್ತಕ ಮುಚ್ಚಿದರು; ಅವರ ಬೆರಳಿನ ಶಾಯಿ ಇನ್ನೂ ಆರಿರಲಿಲ್ಲ. ಎಲ್ಲ ಸಹಿಯೂ ಒಂದೇ ಕೈಯದೆಂದು ಕಚೇರಿಗೂ ಈಗ ಅನುಮಾನ ಬಂದಿದೆ. ಹಾಗಾಗಿ ಕಾವಲುಗಾರರು ಗೇಟಿನ ಬಳಿ ಕುಳಿತು, ನನ್ನಿಂದ ಅಕ್ಷರ ತಿದ್ದಿಸಿಕೊಳ್ಳುತ್ತ, ಎಡಗೈಯಲ್ಲಿ ಬರೆಯಲು ಕಲಿಯುತ್ತಿದ್ದಾರೆ.